ಒಂದು ಕೋಣೆ ಹೆಚ್ಚು ಬೇಕೆಂದವರಿಗೆ ಮಹಾರೇರಾ ಜಾಲತಾಣ

ಮುಂಬಯಿಯ ಗೋರೆಗಾಂವ್, ಅದರಾಚೆಯ ಡೊಂಬಿವಲಿ ಕಡೆಯ 1 ಬಿಎಚ್‌ಕೆ ಎಂದರೆ ಊರಿಂದ ಅತ್ತೆ-ಮಾವ ಬಂದ ದಿನ ಹಾಲ್‌ನಲ್ಲಿ ಹಾಸಿಗೆ, ಹತ್ತನೇ ತರಗತಿಯ ಮಗುವಿನ ಓದು ಅಡುಗೆಮನೆಯಲ್ಲಿ. 2 ಬಿಎಚ್‌ಕೆಗೆ ಹೋಗೋಣವೇ ಎಂದು ಲೆಕ್ಕ ಹಾಕುವವರು ಬಿಲ್ಡರ್‌ನ ಸ್ಯಾಂಪಲ್ ಫ್ಲಾಟಿಗೆ ಹೋಗುವ ಮೊದಲು ಒಂದು ಸಂಜೆ ಮಹಾರೇರಾ, ಅಂದರೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದ ಮುಂದೆ ಕೂರಬೇಕು. 2017ರ ಮೇ 1ರಿಂದ ನಡೆಯುತ್ತಿರುವ ಈ ಸೇವೆಯಲ್ಲಿ ಯೋಜನೆಗಳನ್ನು ಹುಡುಕಲು ಬಿಡಿಗಾಸೂ ಕೊಡಬೇಕಿಲ್ಲ. ಬ್ರೋಶರಿನಲ್ಲಿರುವ, ‘ಪಿ’ಯಿಂದ ಶುರುವಾಗುವ ನೋಂದಣಿ ಸಂಖ್ಯೆ ಹಾಕಿದರೆ ಸಾಕು. 2023ರ ಆಗಸ್ಟ್‌ನಿಂದ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಕೂಡ ಕಡ್ಡಾಯ.

ಮೊದಲು ಕಟ್ಟಡದ ವಿವರ ತೆರೆಯಿರಿ. ಪ್ರತಿ ಬಗೆಯ ಫ್ಲಾಟಿನ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, ಅಲ್ಲಿ ಚದರ ಮೀಟರಿನಲ್ಲಿರುತ್ತದೆ, 10.764ರಿಂದ ಗುಣಿಸಿದರೆ ಚದರ ಅಡಿ. 55 ಎಂದಿದ್ದರೆ 592 ಅಡಿ. ಈಗಿನ ಮನೆಯನ್ನು ಟೇಪ್ ಹಿಡಿದು ಅಳೆದರೆ 420 ಬಂತು ಎನ್ನಿ, ಹೆಚ್ಚು ಸಿಗುವುದು 172 ಅಡಿ. ಅದರಲ್ಲಿ 10×10ರ ಬೆಡ್‌ರೂಮಿಗೆ 100, 4×7ರ ಇನ್ನೊಂದು ಬಾತ್‌ರೂಮಿಗೆ 28, ಅಲ್ಲಿಗೆ ಹೋಗುವ 3×8ರ ಪ್ಯಾಸೇಜಿಗೆ 24 ಹೋದರೆ ಉಳಿದದ್ದು ಬರೀ 20 ಅಡಿ. ಒಳಗೋಡೆಗಳ ದಪ್ಪವೂ ಈ ಕಾರ್ಪೆಟ್‌ನಲ್ಲೇ ಸೇರಿದೆ, ಬಾಲ್ಕನಿ ಸೇರಿಲ್ಲ. ಅಂದರೆ ಮಲಗುವ ಕಷ್ಟ ತೀರುತ್ತದೆ. ಸತ್ಯನಾರಾಯಣ ಪೂಜೆಗೆ ನೆಂಟರನ್ನೆಲ್ಲ ಹಾಲ್‌ನಲ್ಲೇ ಕೂರಿಸುವ ಆಸೆ ತೀರುವುದಿಲ್ಲ. ಮನೆಮಂದಿ ಕೂತು ಮಾತಾಡಬೇಕಾದದ್ದು ಈ 20 ಅಡಿಯ ಬಗ್ಗೆ. ಸ್ಯಾಂಪಲ್ ಫ್ಲಾಟಿನ ಕನ್ನಡಿ, ದೀಪಗಳ ನಡುವೆ ಇದು ಕಣ್ಣಿಗೇ ಬೀಳುವುದಿಲ್ಲ.

ಆಮೇಲೆ ದಿನಾಂಕ. ಮೊದಲು ಕೊಟ್ಟ ಗಡುವು, ಮುಂದೂಡಿದ ಗಡುವು ಎರಡೂ ಇರುತ್ತವೆ. ಅದಕ್ಕಿಂತ ಮುಖ್ಯ, ಅಪ್‌ಲೋಡ್ ಮಾಡಿದ ದಾಖಲೆಗಳಲ್ಲಿರುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ (ಸಿಸಿ), ಅಂದರೆ ಕಟ್ಟಲು ಕೊಡುವ ಪರವಾನಗಿ. ಮುಂಬಯಿಯಲ್ಲಿ ಇದನ್ನು ಹಂತಹಂತವಾಗಿ ಕೊಡುತ್ತಾರೆ: ಮೊದಲು ಪ್ಲಿಂತ್ (ತಳಪಾಯದ ಮಟ್ಟ)ವರೆಗೆ, ಆಮೇಲೆ ಇಂತಿಷ್ಟು ಮಹಡಿವರೆಗೆ. ಸಿಸಿ 12ನೇ ಮಹಡಿಗೆ ನಿಂತಿದ್ದು ನಿಮಗೆ 18ನೇ ಮಹಡಿಯ ಫ್ಲಾಟು ತೋರಿಸುತ್ತಿದ್ದರೆ, ಆ ಮನೆಗೆ ಕಟ್ಟುವ ಪರವಾನಗಿಯೇ ಇನ್ನೂ ಬಂದಿಲ್ಲ. ನೋಂದಣಿ ಸಂಖ್ಯೆ ಇದೆಯೆಂದು ನಿಶ್ಚಿಂತರಾಗುವವರು ಎಡವುವುದು ಇಲ್ಲೇ. ಕೋರ್ಟ್ ವ್ಯಾಜ್ಯ, ಜಮೀನಿನ ಮೇಲಿನ ಸಾಲದ ವಿವರವನ್ನೂ ಬಿಡದೆ ನೋಡಿ.

ಕಾನೂನಿನ ಬಲ ನಿಜವಾಗಿಯೂ ಇದೆ. ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಓಪನ್ ಪಾರ್ಕಿಂಗ್ ಮಾರುವಂತಿಲ್ಲ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಮಹಾರೇರಾಗೆ ಕೊಡುವ ದೂರಿಗೆ ಶುಲ್ಕ 5,000 ರೂಪಾಯಿ. ಆದರೆ ಆದೇಶ ಬಂದ ಮೇಲೂ ಬಿಲ್ಡರ್ ಹಣ ಕೊಡದಿದ್ದರೆ ವಸೂಲಿ ಜಿಲ್ಲಾಧಿಕಾರಿ ಕಚೇರಿಯ ಮೂಲಕ ಆಗಬೇಕು, ಅದಕ್ಕೆ ಬಹಳ ತಾಳ್ಮೆ ಬೇಕು. ಈ ಸೇವೆಯ ದೊಡ್ಡ ಕೊರತೆ ಇದೇ. ಹಾಗಾಗಿ ಕಟ್ಟುತ್ತಿರುವ ಮನೆಯ ಭರವಸೆಯ ಮೇಲೆ ಈಗಿನ ಮನೆ ಮಾರಿ ಬಾಡಿಗೆಗೆ ಹೋಗಬೇಡಿ. ಗಡುವು ಒಂದು ವರ್ಷ ಮುಂದೆ ಹೋದರೆ ಬಾಡಿಗೆ, ಇಎಂಐ ಎರಡೂ ಒಟ್ಟಿಗೆ ಹೆಗಲ ಮೇಲೆ.

ಪೂರ್ತಿ ಖರ್ಚೂ ಇಲ್ಲಿ ತಿಳಿಯುವುದಿಲ್ಲ. ಮುಂಬಯಿಯೊಳಗೆ ಕಟ್ಟುತ್ತಿರುವ 1 ಕೋಟಿಯ ಫ್ಲಾಟಿಗೆ ಜಿಎಸ್‌ಟಿ ಶೇ. 5, ಸ್ಟ್ಯಾಂಪ್ ಡ್ಯೂಟಿ ಶೇ. 6, ರಿಜಿಸ್ಟ್ರೇಶನ್ 30,000 ಸೇರಿ 11.3 ಲಕ್ಷ ಮೇಲೆ ಬೀಳುತ್ತದೆ. ಓಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಬಂದ ಮನೆಗೆ ಜಿಎಸ್‌ಟಿ ಇಲ್ಲ. ಖರೀದಿ ಬರೀ ಹೆಂಗಸಿನ ಹೆಸರಿನಲ್ಲಾದರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ಉಳಿತಾಯ. ತಿಂಗಳ ಮೇಂಟೆನೆನ್ಸ್ ಎಷ್ಟು, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೋ ಎಂಬುದನ್ನು ಪಕ್ಕದ ಸೊಸೈಟಿಯ ವಾಚ್‌ಮನ್‌ನನ್ನೇ ಕೇಳಬೇಕು.

ಹಳೆಯ ಕಟ್ಟಡದ ರೀಸೇಲ್ ಫ್ಲಾಟಿಗೆ ಈ ಜಾಲತಾಣದಿಂದ ಉಪಯೋಗ ಕಡಿಮೆ. ಅಲ್ಲಿ ಬೇಕಾದದ್ದು ಇಂಡೆಕ್ಸ್ ಟೂ (ಮಾರಾಟ ರಿಜಿಸ್ಟರ್ ಆದ ದಾಖಲೆಯ ಸಾರ), ಓಸಿ, ಶೇರ್ ಸರ್ಟಿಫಿಕೇಟ್ (ಸೊಸೈಟಿಯ ಸದಸ್ಯತ್ವದ ಪತ್ರ), ಸೊಸೈಟಿಯ ಎನ್‌ಒಸಿ. ಕಟ್ಟಡಕ್ಕೆ 30 ವರ್ಷ ದಾಟಿದ್ದರೆ ಅದರ ಗಟ್ಟಿತನ ಪರೀಕ್ಷಿಸಿದ ಸ್ಟ್ರಕ್ಚರಲ್ ಆಡಿಟ್ ವರದಿಯೂ. ನಿಮ್ಮದೇ ಸೊಸೈಟಿಯಲ್ಲಿ ರೀಡೆವಲಪ್‌ಮೆಂಟ್ (ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ) ಮಾತು ನಡೆದಿದೆಯೇ ಎಂದು ಜನರಲ್ ಬಾಡಿ ನಡಾವಳಿ ತೆಗೆದು ನೋಡಿ. ಹಳೆಯ ಫ್ಲಾಟಿಗೆ ಬದಲಾಗಿ ಹೆಚ್ಚುವರಿ ಕಾರ್ಪೆಟ್ ಕೊಡುವ ಪ್ರಸ್ತಾಪ ಬಂದಿದ್ದರೆ, ಬೇಕಾದ ಆ ಕೋಣೆ ಸಾಲವಿಲ್ಲದೆಯೇ ಸಿಗಬಹುದು.