ಮಣಿಪಾಲದ ಪತ್ರಿಕೋದ್ಯಮ ಕಾರ್ಯಾಗಾರ: ಗ್ಯಾರಿ ಹಾರ್ಟ್ ಪ್ರಕರಣಕ್ಕಾಗಿಯೇ ಹೋಗಿ

ಅಮೆರಿಕದ ಪತ್ರಿಕೆಗಳು ರಾಜಕಾರಣಿಗಳ ಖಾಸಗಿ ಬದುಕನ್ನು ಹೇಗೆ ಕಂಡವು ಎಂಬುದು ಈ ಒಂದು ದಿನದ ಕಾರ್ಯಾಗಾರದ ವಿಷಯ. ‘ಮೊದಲು ಮಾಧ್ಯಮ ಸಭ್ಯವಾಗಿತ್ತು’ ಎನ್ನುವ ನಂಬಿಕೆಯನ್ನು ಬೆಳಗಿನ ಅವಧಿಯೇ ಒಡೆಯುತ್ತದೆ. 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಮತ್ತು ಅವರ ಮನೆಯ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಸಂಬಂಧವನ್ನು ಅಚ್ಚು ಹಾಕಿದ ಪತ್ರಕರ್ತ ಜೇಮ್ಸ್ ಕ್ಯಾಲೆಂಡರ್, ಕೇಳಿದ ಪೋಸ್ಟ್‌ಮಾಸ್ಟರ್ ಹುದ್ದೆ ಸಿಗದೆ ತಿರುಗಿಬಿದ್ದವನು. ಸುದ್ದಿಯ ಜೊತೆಗೆ ಸುದ್ದಿ ಕೊಟ್ಟವನ ಹಿತಾಸಕ್ತಿಯನ್ನೂ ತೂಗಬೇಕೆಂದು ಇಲ್ಲಿ ಚೆನ್ನಾಗಿ ಕಲಿಸುತ್ತಾರೆ. ಪತ್ರಿಕೆಗಳು ಹೆಚ್ಚಾಗಿ ತೋರಿಸದೆ ಬಿಟ್ಟ ಅಧ್ಯಕ್ಷ ರೂಸ್‌ವೆಲ್ಟರ ಗಾಲಿಕುರ್ಚಿ, ಅಧ್ಯಕ್ಷ ಕೆನಡಿಯ ಖಾಸಗಿ ಸಂಬಂಧಗಳ ಬಗೆಗಿನ ಮೌನ ಬೇಗ ಮುಗಿಯುತ್ತವೆ.

ಮಧ್ಯಾಹ್ನದ್ದೇ ನಿಜವಾದ ಹೂರಣ: 1987ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆಗಿಳಿದಿದ್ದ ಗ್ಯಾರಿ ಹಾರ್ಟ್ ಮೇಲೆ ಪರಸ್ತ್ರೀ ಸಂಬಂಧದ ಆರೋಪ ಬಂದ ಪ್ರಕರಣವನ್ನು ಗಂಟೆಗಂಟೆಯ ಲೆಕ್ಕದಲ್ಲಿ ಬಿಡಿಸುತ್ತಾರೆ. ‘ನನ್ನನ್ನು ಹಿಂಬಾಲಿಸಿ’ ಎಂದು ಹಾರ್ಟ್ ಸವಾಲು ಹಾಕಿದ್ದಕ್ಕೇ ಮಯಾಮಿ ಹೆರಾಲ್ಡ್ ಪತ್ರಿಕೆ ಬೆನ್ನು ಹತ್ತಿತು ಎಂಬ ಮಾತು ತಪ್ಪು. ಸವಾಲು ಪ್ರಕಟವಾದದ್ದು ಮೇ 3, ಭಾನುವಾರ. ಫೋನಿನಲ್ಲಿ ಬಂದ ಸುಳಿವು ಹಿಡಿದು ಹಾರ್ಟ್ ಮನೆಯ ಮೇಲೆ ಕಾವಲು ಶುರುವಾದದ್ದು ಅದಕ್ಕೂ ಮೊದಲೇ, ಶುಕ್ರವಾರ ರಾತ್ರಿ. ಹಿಂಬಾಗಿಲ ಮೇಲೆ ಪೂರ್ತಿ ಹೊತ್ತು ಕಣ್ಣಿರಲಿಲ್ಲ. ವರದಿಯ ದೊಡ್ಡ ಬಿರುಕು ಅದೇ. ಆದರೂ ಮೇ 8ಕ್ಕೆ ಹಾರ್ಟ್ ಕಣದಿಂದ ಹಿಂದೆ ಸರಿದರು. ಯಾರು, ಎಲ್ಲಿ ನಿಂತು, ಎಷ್ಟು ಹೊತ್ತು ನೋಡಿದರು ಎಂದು ಬರೆದಿಡುವ ಅಭ್ಯಾಸ ಮಾಡಿಸುವುದು ಬಹಳ ಉಪಯುಕ್ತ. ಉಡುಪಿಯ ಪಂಚಾಯತ್ ವರದಿಗಾರನಿಗೂ ಇದು ಬೇಕೇ ಬೇಕು.

ಕೊರತೆ: 1998ರ ಅಧ್ಯಕ್ಷ ಕ್ಲಿಂಟನ್ ಮತ್ತು ಮೋನಿಕಾ ಲೆವಿನ್‌ಸ್ಕಿ ಪ್ರಕರಣಕ್ಕೆ ಸಮಯವೇ ಉಳಿಯುವುದಿಲ್ಲ. ನ್ಯೂಸ್‌ವೀಕ್ ವಾರಪತ್ರಿಕೆ ತಡೆಹಿಡಿದ ಸುದ್ದಿಯನ್ನು ಡ್ರಡ್ಜ್ ಜಾಲತಾಣ ಹೊರಹಾಕಿದ್ದು ಇಂದಿನ ವಾಟ್ಸಾಪ್ ಯುಗಕ್ಕೆ ಅತಿ ಹತ್ತಿರದ ಪಾಠ. ಪ್ರತಿಗಳ ಝೆರಾಕ್ಸೂ ಮಸುಕು. ದಿನಾಂಕ ಓದಲು ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಬೇಕು.