ಧಾರವಾಡದಲ್ಲಿ ಮನೆಗೇ ಬಂದು ನಾಯಿಗೆ ಕಲಿಸುವವರು: ಎಂಟು ಭಾನುವಾರಗಳ ಅನುಭವ

ಧಾರವಾಡದಲ್ಲಿ ಮನೆಗೇ ಬಂದು ನಾಯಿಗಳಿಗೆ ತರಬೇತಿ ಕೊಡುವ ಇಬ್ಬರು ತರುಣರ ಸೇವೆಯನ್ನು ನಾವು ಕಳೆದ ಮಳೆಗಾಲದಲ್ಲಿ ಎಂಟು ಭಾನುವಾರ ಪಡೆದೆವು. ಅವರಿಗೆ ಅಂಗಡಿಯಿಲ್ಲ, ಫಲಕವೂ ಇಲ್ಲ. ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಾಯಿಗಳನ್ನು ಅಡ್ಡಾಡಿಸುವವರ ನಡುವೆ ಅವರ ಫೋನ್ ನಂಬರು ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ಎಂಟು ಭೇಟಿಗೆ 6,000 ರೂಪಾಯಿ, ಅರ್ಧ ಮೊದಲು ಮತ್ತು ಅರ್ಧ ಕೊನೆಗೆ. ಹುಬ್ಬಳ್ಳಿಯವರಾದರೆ ಹೋಗಿಬರುವ ಖರ್ಚು ಬೇರೆ.

ನಮ್ಮ ಬಾಳ್ಯಾ ಹದಿನಾಲ್ಕು ತಿಂಗಳ ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ, 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡ ಈ ತಳಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವಂಥದ್ದು. ಓಡುವುದು ಏನೇ ಕಂಡರೂ ಬೆನ್ನು ಹತ್ತುವುದು ಅದರ ರಕ್ತದಲ್ಲಿಯೇ ಇದೆ. ಮೊಲ, ಚಿಗರಿಗಳ ಹಿಂದೆ ಓಡಲೆಂದು ಬೆಳೆಸಿದ ನಾಯಿಗೆ ‘ಚಿಗರಿ’ ಎಂದೇ ಹೆಸರಿಟ್ಟ ನಗರ ಬಸ್ಸಿನ ಹಿಂದೆ ಓಡಬೇಡವೆಂದು ಕಲಿಸುವ ಪಾಳಿ ಹುಬ್ಬಳ್ಳಿ-ಧಾರವಾಡ ಅವಳಿನಗರದ ನಮಗೆ ಬಂದಿದೆ.

ಇವರಿಗೂ ಮೊದಲು ಬೇರೊಬ್ಬರನ್ನು ನಂಬಿ ನಾವು ಒಂದು ತಿಂಗಳು ಕಳೆದಿದ್ದೆವು. ಅವರದು ಕುತ್ತಿಗೆ ಬಿಗಿಯುವ ಸರಪಳಿಯ ವಿದ್ಯೆ. ನಾಯಿ ತೋಳನ ವಂಶದ್ದು, ಗುಂಪಿನ ನಾಯಕ ಯಾರೆಂಬುದನ್ನು ಅದಕ್ಕೆ ತೋರಿಸಿಕೊಡಬೇಕು ಎಂಬುದು ಅವರ ವಾದ. ಸೆರೆಯಲ್ಲಿಟ್ಟ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ನೋಡಿ ಹುಟ್ಟಿದ ಈ ಮಾತನ್ನು, ಅದು ಹರಡಲು ತಾವೂ ಕಾರಣರಾಗಿದ್ದ ತೋಳಗಳ ವಿಜ್ಞಾನಿ ಡೇವಿಡ್ ಮೆಚ್ ಅವರೇ 1999ರಲ್ಲಿ ತಿದ್ದಿ, ಕಾಡಿನ ತೋಳಗಳ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರ ಎಂದು ಬರೆದಿದ್ದಾರೆ. ನನಗೆ ಅದು ಆಗ ತಿಳಿದಿರಲಿಲ್ಲ. ಉದ್ದ ಕುತ್ತಿಗೆಯ, ತೆಳು ಚರ್ಮದ ಬಾಳ್ಯಾ ಸರಪಳಿ ಹಾಕಿದರೂ ಎಳೆದಾಡುವುದನ್ನು ಬಿಡಲಿಲ್ಲ. ಸರಪಳಿಯ ಸಪ್ಪಳ ಕೇಳಿದರೆ ಮಂಚದ ಕೆಳಗೆ ಸೇರುವುದನ್ನು ಮಾತ್ರ ಕಲಿತ.

ಈ ತರುಣರು ಮೊದಲ ಭೇಟಿಯಲ್ಲಿ ಅವನನ್ನು ಮುಟ್ಟಲೇ ಇಲ್ಲ. ಪಡಸಾಲೆಯಲ್ಲಿ ಅವನಿಗೆ ಮುಖ ಕೊಡದೆ ಓರೆಯಾಗಿ ನೆಲದ ಮೇಲೆ ಕುಳಿತು, ಅವನು ತಾನಾಗಿ ಬಂದು ಮೂಸುವವರೆಗೆ ನಮ್ಮೊಡನೆಯೇ ಮಾತನಾಡಿದರು. ನಾಯಿಯನ್ನು ಕೂರಿಸಲು ಏನೆನ್ನುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ನಾನು ‘ಸಿಟ್’ ಎನ್ನುತ್ತಿದ್ದೆ, ಮೈಸೂರು ಕಡೆಯ ನನ್ನ ಹೆಂಡತಿ ‘ಕೂತ್ಕೋ’ ಎನ್ನುತ್ತಿದ್ದಳು, ಅವ್ವ ‘ಕುಂದ್ರು’ ಎನ್ನುತ್ತಿದ್ದಳು. “ಸರ, ಒಂದ ಕೆಲಸಕ್ಕ ಮೂರ ಹೆಸರು ಇಟ್ಟೀರಿ. ಅದು ಯಾರದ ಕೇಳಬೇಕ್ರಿ?” ಎಂದು ಹಿರಿಯ ತರಬೇತುದಾರರು ನಕ್ಕರು. ಅಂದಿನಿಂದ ಮನೆಯಲ್ಲಿ ಅವ್ವನ ಮಾತೇ ಅಂತಿಮವಾಯಿತು.

ಅವರ ವಿಧಾನದ ತಿರುಳು ಇಷ್ಟು: ನಾಯಿ ಬೇಕಾದ ಕೆಲಸ ಮಾಡಿದ ಕ್ಷಣವನ್ನು ಒಂದು ಸಣ್ಣ ಶಬ್ದದಿಂದ ಗುರುತಿಸಬೇಕು, ಆಮೇಲೆ ತಿನಿಸು ಕೊಡಬೇಕು. ಶಬ್ದದ ಹಿಂದೆಯೇ ತಿನಿಸು ಬರುತ್ತದೆಂಬುದು ಮನದಟ್ಟಾದ ಮೇಲೆ ಆ ಶಬ್ದವೇ ನಾಯಿಗೆ ಅರ್ಧ ತಿನಿಸಾಗುತ್ತದೆ. ಇದಕ್ಕಾಗಿ ಟಕ್ಕೆನ್ನುವ ಕ್ಲಿಕ್ಕರ್ ಸಿಗುತ್ತದಾದರೂ ಅದನ್ನು ಕೊಳ್ಳಲು ಅವರು ಒತ್ತಾಯಿಸಲಿಲ್ಲ. ಎಲ್ಲರ ನಾಲಿಗೆಗೂ ಒಗ್ಗುವ ಒಂದು ಗಿಡ್ಡ ಪದ ಆರಿಸಿಕೊಳ್ಳಿ ಎಂದರು. ನಾವು ‘ಭೇಷ್’ ಎಂಬುದನ್ನು ಆರಿಸಿದೆವು. ಕಷ್ಟವಿದ್ದದ್ದು ಹೊತ್ತಿನ ಲೆಕ್ಕದಲ್ಲಿ. ಕುಳಿತ ನಾಯಿ ಮತ್ತೆ ಏಳುವಾಗ ನಾನು ‘ಭೇಷ್’ ಎಂದರೆ, ನಾನು ಹೊಗಳಿದ್ದು ಅದರ ಏಳುವಿಕೆಯನ್ನು. ಮೊದಲ ಎರಡು ವಾರ ಈ ತಪ್ಪನ್ನು ನಾನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ, ಮತ್ತು ಪ್ರತಿ ಸಲವೂ ಅವರು ತಿದ್ದಿದ್ದು ನನ್ನನ್ನೇ ಹೊರತು ನಾಯಿಯನ್ನಲ್ಲ. ಕೊಟ್ಟ ಹಣ ಸಾರ್ಥಕವೆನಿಸಿದ್ದು ಇದಕ್ಕೇ.

ನನಗೆ ಬಹಳ ಹಿಡಿಸಿದ್ದು ಕೌದಿಯ ಪಾಠ. ಬಾಗಿಲ ಗಂಟೆ ಬಾರಿಸಿದರೆ ಬಾಳ್ಯಾ ಬಂದವರ ಎದೆಯ ಮೇಲೆ ಮುಂಗಾಲಿಡುತ್ತಿದ್ದ. ಹಾರಬೇಡ ಎಂದು ಗದರಿಸುವ ಬದಲು, ಹಾರುವ ಹೊತ್ತಿನಲ್ಲಿ ಮಾಡಲು ಬೇರೊಂದು ಕೆಲಸ ಕೊಡಬೇಕೆಂಬುದು ಅವರ ಉಪಾಯ. ಅವ್ವ ಹೊಲಿದ ಹಳೆಯ ಕೌದಿಯೊಂದನ್ನು ಪಡಸಾಲೆಯ ಮೂಲೆಯಲ್ಲಿ ಹಾಸಿ, ಅದರ ಮೇಲೆ ಒಂದು ಕಾಲಿಟ್ಟರೂ ‘ಭೇಷ್’, ನಾಲ್ಕೂ ಇಟ್ಟರೆ ಇನ್ನೊಂದು ತುಣುಕು, ಮಲಗಿದರೆ ಎರಡು ತುಣುಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಗಂಟೆಯ ಸದ್ದು ಸೇರಿಸಿದ್ದು ನಾಲ್ಕನೆಯ ವಾರ, ನಿಜವಾದ ಅತಿಥಿಗಳನ್ನು ಕರೆದದ್ದು ಆರನೆಯ ವಾರ. ಈಗ ಗಂಟೆಯಾದರೆ ಅವನು ಓಡುವುದು ಕೌದಿಯ ಕಡೆಗೆ. ಹತ್ತರಲ್ಲಿ ಎರಡು ಸಲ ಇನ್ನೂ ಬಾಗಿಲಿಗೇ ಬರುತ್ತಾನೆ.

ರಸ್ತೆಯಲ್ಲಿ ಇದೇ ತತ್ವವನ್ನು ದೂರದ ಲೆಕ್ಕದಲ್ಲಿ ನಡೆಸಿದರು. ಹಗ್ಗವನ್ನು ಕುತ್ತಿಗೆಯಿಂದ ತೆಗೆದು ಎದೆಯ ಪಟ್ಟಿಗೆ ಹಾಕಿಸಿ, ಬಸ್ಸು ಕಂಡರೂ ಬಾಳ್ಯಾ ಶಾಂತವಾಗಿರುವಷ್ಟು ದೂರ ನಿಲ್ಲಿಸಿ, ಅವನು ನಮ್ಮ ಕಡೆ ಹೊರಳಿ ನೋಡಿದಾಗಲೆಲ್ಲ ತಿನಿಸು ಕೊಡಿಸಿ, ವಾರಕ್ಕಿಷ್ಟು ಹೆಜ್ಜೆಯಂತೆ ಹತ್ತಿರ ತಂದರು.

ತಿನಿಸಿನ ವಿಷಯದಲ್ಲಿ ದುಬಾರಿ ಪೊಟ್ಟಣಗಳನ್ನು ಅವರು ಮಾರಲಿಲ್ಲ. ಬೇಯಿಸಿದ ಕೋಳಿಯ ಸಣ್ಣ ತುಣುಕು, ಮೊಟ್ಟೆ, ಕಟಕ ರೊಟ್ಟಿಯ ಚೂರು ಸಾಕು, ಅಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ ಎಂದರು. ಉಳ್ಳಾಗಡ್ಡಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುವುದರಿಂದ ಸಂಜೆಯ ಗಿರಮಿಟ್ಟಿನಲ್ಲಿ ಅವನಿಗೆ ಪಾಲಿಲ್ಲ. ದ್ರಾಕ್ಷಿ, ಚಾಕೊಲೇಟು ಕೂಡ ವರ್ಜ್ಯ. ಪೇಡೆ ವಿಷವಲ್ಲದಿದ್ದರೂ ಬೇಡ ಎಂದಾಗ ಪಕ್ಕದ ಮನೆಯ ಕಾಕಾ ಅವರಿಗೆ ಕೊಂಚ ಬೇಸರವಾಯಿತು.

ಕೊರತೆಗಳೂ ಇವೆ. ಮಳೆ ಬಂದಿತೆಂದು ಎರಡು ಭೇಟಿಗಳನ್ನು ಮುಂದೂಡಿದರು, ಅದನ್ನೂ ನಾವು ಕಾದು ಕುಳಿತ ಮೇಲೆ ತಿಳಿಸಿದರು. ಧಾರವಾಡದಲ್ಲಿದ್ದು ಶ್ರಾವಣದ ಮಳೆಯನ್ನು ನೆಪ ಮಾಡುವುದು ನನಗೆ ಸರಿ ಕಾಣಲಿಲ್ಲ. ವಾರದ ಅಭ್ಯಾಸವನ್ನು ಬರೆದು ಕೊಡುವ ಪದ್ಧತಿ ಅವರಲ್ಲಿಲ್ಲ, ಎಲ್ಲವನ್ನೂ ನಾವೇ ನೆನಪಿಟ್ಟುಕೊಳ್ಳಬೇಕು. ಎರಡನೆಯ ವಾರ ಬರಿಯ ಕಲ್ಲು ನೆಲದ ಮೇಲೆ ‘ಕುಂದ್ರು’ ಕಲಿಸಲು ಹೋಗಿ ಅರ್ಧ ಗಂಟೆ ವ್ಯರ್ಥ ಮಾಡಿದರು. ಮಾಂಸ ಕಡಿಮೆಯಿರುವ ಇಂಥ ಬೇಟೆನಾಯಿಗಳಿಗೆ ಗಟ್ಟಿ ನೆಲದ ಮೇಲೆ ಕುಳಿತುಕೊಳ್ಳುವುದೇ ಹಿತವಲ್ಲ. ಕೌದಿಯ ಯೋಚನೆ ಬಂದದ್ದು ಆ ಸೋಲಿನ ನಂತರವೇ ಎಂಬುದನ್ನೂ ಹೇಳಬೇಕು.

ತಿಂಗಳೊಪ್ಪತ್ತಿನಲ್ಲಿ ನಾಯಿಯನ್ನು ಬೇರೆಡೆ ಬಿಟ್ಟು, ತಯಾರಾದ ಮೇಲೆ ಕರೆತರಬೇಕೆನ್ನುವವರಿಗೆ ಈ ಸೇವೆ ಒಗ್ಗುವುದಿಲ್ಲ. ದಿನಕ್ಕೆ ಐದೈದು ನಿಮಿಷದಂತೆ ಮೂರು ಸಲ ಮನೆಯವರೇ ಕೂಡಬೇಕು. ನಾವು ತಪ್ಪಿಸಿದ ವಾರ ಬಾಳ್ಯಾ ಹಿಂದೆ ಬಿದ್ದದ್ದು ಸ್ಪಷ್ಟವಾಗಿ ಕಂಡಿತು. ಸುಗ್ಗಿ ಮುಗಿದು ಹೊಲಗಳು ಖಾಲಿಯಾದ ಮೇಲೆ, ಮೊಲ ಎದ್ದು ಓಡುವ ಬಯಲಿನಲ್ಲಿ ‘ಬಾ’ ಎಂದರೆ ಮರಳಿ ಬರುವುದನ್ನು ಕಲಿಸಲು ಇನ್ನೂ ನಾಲ್ಕು ಭೇಟಿಗೆ ಹೇಳಿದ್ದೇವೆ. ಎಂಟು ಭಾನುವಾರದಲ್ಲಿ ಅದು ಆಗುವ ಮಾತಲ್ಲವೆಂದು ಅವರು ಮೊದಲ ದಿನವೇ ತಿಳಿಸಿದ್ದರು. ಅಲ್ಲಿಯವರೆಗೆ ಉದ್ದ ಹಗ್ಗವನ್ನು ಬಿಚ್ಚುವುದಿಲ್ಲ.