ಒಬಿಎಸ್ ಸ್ಟುಡಿಯೋದ ಸ್ಟ್ರೀಮ್ ಡಿಲೇ: ಸ್ನೈಪರ್‌ಗಳ ಕಾಟಕ್ಕೆ ಎಷ್ಟರ ಮಟ್ಟಿಗೆ ಮದ್ದು?

ಕನ್ನಡದಲ್ಲಿ ಗೇಮ್‌ಗಳನ್ನು ನೇರಪ್ರಸಾರ ಮಾಡುವ ಬಹಳಷ್ಟು ಮಂದಿಯ ಕಂಪ್ಯೂಟರಿನಲ್ಲಿ ಒಬಿಎಸ್ ಸ್ಟುಡಿಯೋ ಎಂಬ ಪ್ರಸಾರ ತಂತ್ರಾಂಶ ಇದ್ದೇ ಇರುತ್ತದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಅದರ ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಆದರೆ ಅದರ ಸೆಟ್ಟಿಂಗ್ಸ್‌ನಲ್ಲಿ ‘ಅಡ್ವಾನ್ಸ್ಡ್’ ವಿಭಾಗದೊಳಗೆ ಕಣ್ಣಿಗೆ ಬೀಳದಂತೆ ಕುಳಿತಿರುವ ‘ಸ್ಟ್ರೀಮ್ ಡಿಲೇ’ ಎಂಬ, ಪ್ರಸಾರವನ್ನು ಬೇಕೆಂದೇ ತಡವಾಗಿ ಕಳುಹಿಸುವ ಆಯ್ಕೆಯನ್ನು ಬಳಸುವವರನ್ನು ನಾನು ಕಂಡದ್ದು ಕಡಿಮೆ. ಸುತ್ತುಗಳಲ್ಲಿ ಆಡುವ ಶೂಟರ್ ಆಟಗಳನ್ನು ಸಂಜೆಯ ಹೊತ್ತು ಯೂಟ್ಯೂಬಿನಲ್ಲಿ ಸ್ಟ್ರೀಮ್ ಮಾಡುವ ನಾನು ಈ ಒಂದು ಸೌಲಭ್ಯವನ್ನು ಬಹುಕಾಲದಿಂದ ನೆಚ್ಚಿಕೊಂಡಿದ್ದೇನೆ. ಇಡೀ ಒಬಿಎಸ್‌ನ ಗುಣದೋಷಗಳನ್ನು ಬದಿಗಿಟ್ಟು, ಸ್ಟ್ರೀಮರ್‌ಗಳನ್ನೇ ಹುಡುಕಿಕೊಂಡು ಬರುವ ಮೋಸಗಾರರ ವಿರುದ್ಧ ಇದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ನೇರಪ್ರಸಾರವನ್ನು ನೋಡುತ್ತಲೇ ಆ ಸ್ಟ್ರೀಮರ್ ಇರುವ ಪಂದ್ಯಕ್ಕೆ ನುಗ್ಗಿ, ಪರದೆಯ ಮೇಲೆ ಕಾಣುವ ಮ್ಯಾಪ್, ಕೈಯಲ್ಲಿರುವ ಗನ್, ಉಳಿದಿರುವ ಹೆಲ್ತ್ ಎಲ್ಲವನ್ನೂ ತಿಳಿದುಕೊಂಡು ಬೇಟೆಯಾಡುವುದಕ್ಕೆ ಸ್ನೈಪಿಂಗ್ ಎನ್ನುತ್ತಾರೆ. ಇದು ದೊಡ್ಡ ಚಾನೆಲ್‌ಗಳ ತಲೆನೋವು ಎಂದು ಅನೇಕರು ತಿಳಿದಿದ್ದಾರೆ, ಆದರೆ ನನ್ನ ಅನುಭವದಲ್ಲಿ ಸಣ್ಣ ಕನ್ನಡ ಚಾನೆಲ್‌ಗಳೇ ಸುಲಭದ ತುತ್ತು. ನೋಡುಗರೂ ನಾವೂ ಅದೇ ಮುಂಬೈ ಸರ್ವರ್‌ನಲ್ಲಿ, ಊಟ ಮುಗಿದ ಮೇಲಿನ ಅದೇ ಹೊತ್ತಿನಲ್ಲಿ, ಹೆಚ್ಚುಕಡಿಮೆ ಅದೇ ರ‍್ಯಾಂಕಿನಲ್ಲಿ ಆಡುತ್ತೇವೆ. ಆದ್ದರಿಂದ ನಾನು ಪಂದ್ಯ ಹುಡುಕಲು ಬಟನ್ ಒತ್ತಿದ್ದನ್ನು ಕಂಡವನು ತಾನೂ ಅದೇ ಕ್ಷಣದಲ್ಲಿ ಒತ್ತಿದರೆ ಎದುರು ತಂಡದಲ್ಲಿ ಬಂದು ಬೀಳುವ ಸಾಧ್ಯತೆ ಬಹಳ ಹೆಚ್ಚು. ಡಿಲೇ ಇಲ್ಲದೆ ರ‍್ಯಾಂಕ್ಡ್ ಪಂದ್ಯವನ್ನು ಸ್ಟ್ರೀಮ್ ಮಾಡುವುದು ಎದುರಾಳಿಯ ಕಡೆಗೆ ಎಲೆ ತಿರುಗಿಸಿ ಹಿಡಿದು ಇಸ್ಪೀಟು ಆಡಿದ ಹಾಗೆಯೇ.

ಈ ಸೌಲಭ್ಯ ಕೆಲಸ ಮಾಡುವ ಬಗೆ ಸರಳ. ಎನ್‌ಕೋಡ್ ಆದ (ಕಳುಹಿಸಲು ಕುಗ್ಗಿಸಿ ಸಿದ್ಧಗೊಳಿಸಿದ) ದೃಶ್ಯವನ್ನು ಒಬಿಎಸ್ ನಾವು ಹೇಳಿದಷ್ಟು ಸೆಕೆಂಡುಗಳ ಕಾಲ ರ‍್ಯಾಮ್‌ನಲ್ಲಿ ಹಿಡಿದಿಟ್ಟು ಆಮೇಲೆ ಯೂಟ್ಯೂಬಿಗೆ ಕಳುಹಿಸುತ್ತದೆ. 6000 ಕೆಬಿಪಿಎಸ್ ಬಿಟ್‌ರೇಟ್‌ನಲ್ಲಿ 120 ಸೆಕೆಂಡ್ ಹಿಡಿದಿಡಲು ಬೇಕಾಗುವುದು ಸುಮಾರು 90 ಎಂಬಿ, ಆದ್ದರಿಂದ ಹಳೆಯ ಕಂಪ್ಯೂಟರಿಗೂ ಇದು ಹೊರೆಯಾಗದು. ಎಷ್ಟು ಸೆಕೆಂಡ್ ಇಡಬೇಕು ಎಂಬುದನ್ನು ಆಟವೇ ನಿರ್ಧರಿಸುತ್ತದೆ. ವ್ಯಾಲರಂಟ್‌ನಲ್ಲಿ ಒಂದು ಸುತ್ತಿನ ಅವಧಿ 100 ಸೆಕೆಂಡ್, ಕೌಂಟರ್ ಸ್ಟ್ರೈಕ್ 2ರಲ್ಲಿ 115 ಸೆಕೆಂಡ್. ಹಾಗಾಗಿ 120 ಸೆಕೆಂಡ್ ಇಟ್ಟರೆ ಸ್ನೈಪರ್‌ನ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಮುಗಿದುಹೋದ ಸುತ್ತು, ಅದರಿಂದ ಅವನಿಗೆ ಆಗುವ ಲಾಭ ಅಷ್ಟಕ್ಕಷ್ಟೇ. ಅದಕ್ಕಿಂತ ಮುಖ್ಯವಾಗಿ, ನಾನು ಪಂದ್ಯ ಹುಡುಕಲು ಆರಂಭಿಸಿದ್ದು ಅವನಿಗೆ ಗೊತ್ತಾಗುವಷ್ಟರಲ್ಲಿ ನನಗೆ ಸಾಮಾನ್ಯವಾಗಿ ಪಂದ್ಯ ಸಿಕ್ಕಿರುತ್ತದೆ. ಕೊನೆಗೆ ಉಳಿದವರೇ ಗೆಲ್ಲುವ ಬ್ಯಾಟಲ್ ರಾಯಲ್ ಆಟಗಳಲ್ಲಿ ಇದೇ ಲೆಕ್ಕ ನಡೆಯುವುದಿಲ್ಲ. ಒಂದೇ ಕಟ್ಟಡದಲ್ಲಿ ಐದು ನಿಮಿಷ ಅವಿತು ಕುಳಿತವನನ್ನು ಎರಡು ನಿಮಿಷ ಹಳೆಯ ದೃಶ್ಯವೂ ಹಿಡಿದುಕೊಡುತ್ತದೆ.

ನಾನು ನಿರೀಕ್ಷಿಸದಿದ್ದ ಉಪಯೋಗವೊಂದು ಇದರಲ್ಲಿದೆ. ಸ್ಟ್ರೀಮ್ ನಿಲ್ಲಿಸುವಾಗ ಬಾಕಿ ಉಳಿದ ಎರಡು ನಿಮಿಷವನ್ನು ಕಳುಹಿಸಿ ಮುಗಿಸುವುದು ಒಬಿಎಸ್‌ನ ಸಾಮಾನ್ಯ ಕ್ರಮ, ಆದರೆ ಆ ಬಾಕಿಯನ್ನು ಎಸೆದು ತಕ್ಷಣ ನಿಲ್ಲಿಸುವ ಆಯ್ಕೆಯೂ ಅದೇ ಬಟನ್‌ನಲ್ಲಿದೆ. ಪರದೆಯ ಮೇಲೆ ಫೋನ್ ನಂಬರೋ ಮನೆಯ ವಿಳಾಸವೋ ಓಟಿಪಿಯೋ ಕಾಣಿಸಿಕೊಂಡರೆ ಅದು ಜನರಿಗೆ ತಲುಪುವ ಮೊದಲೇ ತಡೆಯಬಹುದು. ಯುಪಿಐ ಮೂಲಕ ಕಾಣಿಕೆ ಪಡೆಯುವ ನಮ್ಮವರಲ್ಲಿ ಎಷ್ಟೋ ಜನರ ಐಡಿ ಅವರ ಮೊಬೈಲ್ ನಂಬರೇ ಆಗಿರುವುದರಿಂದ, ಬೆನ್ನುಹತ್ತಿ ಕಾಡುವವರಿಗೆ ಅಂಥ ಒಂದು ಫ್ರೇಮ್ ಸಾಕು.

ಇನ್ನು ಇದಕ್ಕೆ ತೆರಬೇಕಾದ ಬೆಲೆಯ ವಿಷಯ. ಡಿಲೇ ಆಗುವುದು ನಮ್ಮ ದೃಶ್ಯ ಮತ್ತು ಧ್ವನಿ ಮಾತ್ರ, ಚಾಟ್ ಆಗುವುದಿಲ್ಲ. ನೋಡುಗರೊಬ್ಬರು “ಅಣ್ಣಾ, ಆ ಗನ್ ಯಾಕೆ ತಗೊಂಡ್ರಿ?” ಎಂದು ಕೇಳುವ ಹೊತ್ತಿಗೆ ನಾನು ಆ ಸುತ್ತನ್ನು ಸೋತು ಮರೆತಿರುತ್ತೇನೆ, ನಾನು ಕೊಟ್ಟ ಉತ್ತರ ಅವರಿಗೆ ಕೇಳಿಸುವುದು ಮತ್ತೆ ಎರಡು ನಿಮಿಷ ಕಳೆದ ಮೇಲೆ. ಹಣ ಕೊಟ್ಟು ಸೂಪರ್ ಚಾಟ್ ಕಳುಹಿಸಿದವರು ತಮ್ಮ ಹೆಸರು ಕೇಳಿಸಲಿಲ್ಲವೆಂದು ಬೇಸರಿಸಿ ಹೊರಟ ಮೇಲೆ ನನ್ನ ಧನ್ಯವಾದ ಪ್ರಸಾರವಾಗುವುದುಂಟು. ಮಾತೇ ಬಂಡವಾಳವಾಗಿರುವ ಚಾನೆಲ್‌ಗಳಿಗೆ ಇದು ಸಣ್ಣ ನಷ್ಟವಲ್ಲ, ಆ ಕಾರಣಕ್ಕಾಗಿಯೇ ಡಿಲೇ ಬಿಟ್ಟುಬಿಟ್ಟ ಗೆಳೆಯರೂ ನನಗಿದ್ದಾರೆ. ನನ್ನ ಮಟ್ಟಿಗೆ, ಹಾಳಾದ ಪಂದ್ಯಕ್ಕಿಂತ ತಡವಾದ ಮಾತುಕತೆಯೇ ವಾಸಿ. ಡಿಲೇ ಎಷ್ಟಿದೆ ಎಂಬುದನ್ನು ಪರದೆಯ ಮೂಲೆಯಲ್ಲಿ ಕನ್ನಡದಲ್ಲೇ ಬರೆದು ಹಾಕಿದ ಮೇಲೆ ನೋಡುಗರ ದೂರು ಗಣನೀಯವಾಗಿ ಕಡಿಮೆಯಾಯಿತು.

ಡಿಲೇಯಿಂದ ಏನೂ ಪ್ರಯೋಜನವಾಗದ ಮೋಸ ಬೇರೆಯೇ ಇದೆ. ಗೋಡೆಯಾಚೆಯ ಎದುರಾಳಿಗಳನ್ನೂ ತೋರಿಸುವ ವಾಲ್‌ಹ್ಯಾಕ್ ಹಾಕಿಕೊಂಡವನಿಗೆ ನನ್ನ ಸ್ಟ್ರೀಮ್ ನೋಡುವ ಅಗತ್ಯವೇ ಇಲ್ಲ. ಅವನನ್ನು ತಡೆಯುವ ಹೊಣೆ ಆಟ ತಯಾರಿಸಿದವರದು. ಕಂಪ್ಯೂಟರ್ ಆನ್ ಆದಾಗಿನಿಂದಲೇ ಕರ್ನಲ್ ಮಟ್ಟದಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲೇ) ಕಾವಲು ಕೂರುವ ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ಆಗಲಿ, ಮೋಸಗಾರನ ಕಣ್ಣಿಗೆ ಪ್ರಾಮಾಣಿಕ ಆಟಗಾರರೇ ಕಾಣದಂತೆ ಮಾಡಿ ಅವನನ್ನು ಪೇಚಿಗೆ ಸಿಲುಕಿಸುವ ಕಾಲ್ ಆಫ್ ಡ್ಯೂಟಿಯ ರಿಕೊಷೆ ಆಗಲಿ, ಮಾಡುವುದು ಈ ಕೆಲಸವನ್ನೇ. ಆದರೆ ಇನ್ನೊಂದು ಫೋನಿನಲ್ಲಿ ಸ್ಟ್ರೀಮ್ ನೋಡುತ್ತ ಕುಳಿತ ಸ್ನೈಪರ್‌ನ ಕಂಪ್ಯೂಟರಿನಲ್ಲಿ ಇಂಥ ಕಾವಲಿಗೆ ಸಿಕ್ಕಿಬೀಳುವಂಥದ್ದು ಏನೂ ಇರುವುದಿಲ್ಲ. ಹೀಗಾಗಿ ಡಿಲೇ ಮತ್ತು ಇಂಥ ಕಾವಲು, ಇವೆರಡರಲ್ಲಿ ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಎರಡೂ ಇದ್ದರೂ ಸಾಲದ ಪ್ರಸಂಗಗಳು ನಡೆದಿವೆ. 2024ರ ಮಾರ್ಚ್ 17ರಂದು ಅಪೆಕ್ಸ್ ಲೆಜೆಂಡ್ಸ್ ಗ್ಲೋಬಲ್ ಸೀರೀಸ್‌ನ ಉತ್ತರ ಅಮೆರಿಕ ಫೈನಲ್ಸ್ ನಡೆಯುತ್ತಿದ್ದಾಗ, ಜೆನ್‌ಬರ್ಟನ್ ಎಂಬ ಆಟಗಾರನ ಪರದೆಯ ಮೇಲೆ ಅವನು ಬಯಸದೆಯೇ ವಾಲ್‌ಹ್ಯಾಕ್ ತೆರೆದುಕೊಂಡಿತು, ಇಂಪೀರಿಯಲ್‌ಹಾಲ್ ಎಂಬ ಇನ್ನೊಬ್ಬನಿಗೆ ತಾನೇ ಗುರಿಯಿಡುವ ಏಮ್‌ಬಾಟ್ ಅಂಟಿಕೊಂಡಿತು. ಪಂದ್ಯಗಳನ್ನು ಮುಂದೂಡಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು, 2022ರ ಜನವರಿಯಲ್ಲಿ, ಡಾರ್ಕ್ ಸೋಲ್ಸ್ 3 ಸ್ಟ್ರೀಮ್ ಮಾಡುತ್ತಿದ್ದವನೊಬ್ಬನ ಕಂಪ್ಯೂಟರಿಗೆ ಆಟದೊಳಗಿನ ದೋಷದ ಮೂಲಕವೇ ನುಗ್ಗಿ ಅದು ತಾನಾಗಿ ಮಾತಾಡುವಂತೆ ಮಾಡಿದ್ದರು. ಆ ಸರಣಿಯ ಪಿಸಿ ಸರ್ವರ್‌ಗಳನ್ನು ಆಗ ಸ್ಥಗಿತಗೊಳಿಸಲಾಯಿತು, ಡಾರ್ಕ್ ಸೋಲ್ಸ್ 3ರ ಸರ್ವರ್ ಮರಳಿ ಬಂದದ್ದು ಆಗಸ್ಟ್‌ನಲ್ಲಿ. ಎರಡೂ ಕಡೆ ದಾಳಿ ಮಾಡಿದವರಿಗೆ ಬೇಕಾಗಿದ್ದದ್ದು ಗೆಲುವಲ್ಲ, ನೋಡುವ ಕಣ್ಣುಗಳು.

ಆ ಕಣ್ಣುಗಳ ಆಸೆಯಿಂದಲೇ ಎಷ್ಟೋ ಮೋಸಗಾರರು ಸ್ಟ್ರೀಮರ್‌ಗಳನ್ನು ಆರಿಸಿಕೊಳ್ಳುತ್ತಾರೆ. ಹ್ಯಾಕ್ ಮಾರುವ ಜಾಲತಾಣದ ವಿಳಾಸವನ್ನೇ ತಮ್ಮ ಹೆಸರನ್ನಾಗಿ ಇಟ್ಟುಕೊಂಡು ನಮ್ಮನ್ನು ಕೊಂದರೆ, ಯಾರು ಯಾರನ್ನು ಕೊಂದರೆಂದು ತೋರಿಸುವ ಕಿಲ್‌ಫೀಡ್‌ನಲ್ಲಿ ಅದು ಪುಕ್ಕಟೆ ಜಾಹೀರಾತಾಗಿ ನೂರಾರು ಜನರಿಗೆ ತಲುಪುತ್ತದೆ. ಇದಕ್ಕೆ ಒಬಿಎಸ್‌ನಲ್ಲಿ ಮದ್ದಿಲ್ಲ, ಆಟದೊಳಗಿನ ಸ್ಟ್ರೀಮರ್ ಮೋಡ್‌ನಲ್ಲಿದೆ. ಅಪೆಕ್ಸ್, ಫೋರ್ಟ್‌ನೈಟ್, ವ್ಯಾಲರಂಟ್ ಮೂರರಲ್ಲೂ ನಮ್ಮ ಹೆಸರನ್ನು ಎದುರಾಳಿಗಳಿಂದಲೂ ಅವರ ಹೆಸರುಗಳನ್ನು ನಮ್ಮ ಪರದೆಯಿಂದಲೂ ಮರೆಮಾಡಲು ಸಾಧ್ಯ. ಡಿಲೇ ಜೊತೆಗೆ ಇದನ್ನು ಬಳಸದಿದ್ದರೆ ಅರ್ಧ ಕೆಲಸವಷ್ಟೇ ಆದೀತು. ಹೆಸರು ಮರೆಯಾದರೂ ಅಪರೂಪದ ಸ್ಕಿನ್ (ಪಾತ್ರದ ಅಥವಾ ಗನ್ನಿನ ವೇಷ) ಮತ್ತು ಧ್ವನಿ ಗುರುತು ಕೊಡುತ್ತವೆ ಎಂಬುದು ನೆನಪಿರಲಿ. ಹೆಸರು ಅಡಗಿಸಿಕೊಂಡು ಹುಬ್ಬಳ್ಳಿಯ ರಾಗದಲ್ಲಿ ಮೈಕ್‌ನಲ್ಲಿ ಕೂಗಾಡಿದರೆ ಯಾರು ತಾನೇ ಗುರುತು ಹಿಡಿಯುವುದಿಲ್ಲ!

ಫೋನಿನಿಂದಲೇ ನೇರವಾಗಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಸ್ಟ್ರೀಮ್ ಮಾಡುವವರಿಗೆ ಒಬಿಎಸ್ ದಕ್ಕುವುದಿಲ್ಲ. ಅಂಥವರು ಯೂಟ್ಯೂಬಿನ ಲೈವ್ ಕಂಟ್ರೋಲ್ ರೂಮ್‌ನಲ್ಲಿರುವ 30 ಅಥವಾ 60 ಸೆಕೆಂಡಿನ ಡಿಲೇ ಪ್ರಯತ್ನಿಸಿ ನೋಡಬಹುದು, ಕಸ್ಟಮ್ ರೂಮ್‌ನ ಐಡಿ ಮತ್ತು ಪಾಸ್‌ವರ್ಡ್ ಕಾಣುವ ಹೊತ್ತಿಗೆ ಪರದೆಯನ್ನು ಮುಚ್ಚುವ ಅಭ್ಯಾಸವನ್ನಂತೂ ಬೆಳೆಸಿಕೊಳ್ಳಲೇಬೇಕು. ಕಂಪ್ಯೂಟರ್ ಇರುವವರು ಒಬಿಎಸ್‌ನಲ್ಲಿ ಎರಡು ಪ್ರೊಫೈಲ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು: ರ‍್ಯಾಂಕ್ಡ್ ಪಂದ್ಯಗಳಿಗೆ 120 ಸೆಕೆಂಡಿನದು ಒಂದು, ಹರಟೆಗೆ ಮತ್ತು ನೋಡುಗರೊಡನೆ ಆಡುವ ದಿನಗಳಿಗೆ ಡಿಲೇ ಇಲ್ಲದ್ದು ಇನ್ನೊಂದು. ಸ್ಟ್ರೀಮ್ ನಡೆಯುತ್ತಿರುವಾಗ ಒಂದರಿಂದ ಇನ್ನೊಂದಕ್ಕೆ ಹೊರಳಲು ಬರುವುದಿಲ್ಲ, ಆದ್ದರಿಂದ ಆ ದಿನ ಏನು ಆಡುತ್ತೇವೆಂಬುದನ್ನು ಲೈವ್ ಹೋಗುವ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.